ಮೀನಿನ ಗ್ರೂಪಿನಲ್ಲಿ ಮುಕ್ತ ತಂತ್ರಾಂಶ

ನನ್ನ ಫೋನಿನಲ್ಲಿ ಆ ಹಸಿರು ಬಣ್ಣದ ಆಪ್ ಇರಲಿಲ್ಲ. ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ, ನಿಮ್ಮ ಫೋನಿನಲ್ಲಿ ಖಂಡಿತ ಇದೆ. ಕಾಪುವಿನ ಒಂದು ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತೇನೆ, ವಾಸ ಉಡುಪಿಯ ಬನ್ನಂಜೆಯಲ್ಲಿ. ಎರಡೂ ಕಡೆ ನನ್ನನ್ನು ಗುರುತಿಸುತ್ತಿದ್ದುದು ‘ಆಪ್ ಇಲ್ಲದ ಟೀಚರ್’ ಎಂದೇ. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಅದನ್ನೇ ಬಿರುದು ಎಂದುಕೊಂಡು ತಿರುಗಾಡಿದೆ.

ಕಾರಣ ಕೇಳಿದವರಿಗೆ ನಾನು ಚುಟುಕಾಗಿ ಉತ್ತರ ಕೊಟ್ಟವಳೇ ಅಲ್ಲ. ಆ ಆಪ್ ಒಳಗೊಳಗೆ ಏನು ಮಾಡುತ್ತದೆ ಎಂದು ನೋಡಲು ನಮಗೆ ಬಿಡುವುದಿಲ್ಲ, ತಿದ್ದಲು ಬಿಡುವುದಿಲ್ಲ, ನಾಳೆ ಅದರ ಯಜಮಾನರು ಬಾಗಿಲು ಹಾಕಿದರೆ ಯಾಕೆ ಎಂದು ಕೇಳುವ ಹಾಗಿಲ್ಲ. ಮುಕ್ತ ತಂತ್ರಾಂಶ ಹಾಗಲ್ಲ. ಅದನ್ನು ಯಾರು ಬೇಕಾದರೂ ಬಳಸಬಹುದು, ಒಳಗೆ ಇಣುಕಬಹುದು, ತಮಗೆ ಬೇಕಾದಂತೆ ಬದಲಾಯಿಸಬಹುದು, ಪ್ರತಿ ಮಾಡಿ ಹಂಚಬಹುದು. ಇಷ್ಟನ್ನು ನಾನು ನಿಂತಲ್ಲೇ, ಎದುರಿಗಿದ್ದವರ ಮುಖ ನೋಡದೆ ಹೇಳುತ್ತಿದ್ದೆ. ಒಮ್ಮೆ ಆದಿ ಉಡುಪಿಯ ಸಂತೆಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದ ಸಹೋದ್ಯೋಗಿಯೊಬ್ಬರು “ನಿಮ್ಮನ್ನು ಸ್ಟಾಫ್ ಗ್ರೂಪಿಗೆ ಸೇರಿಸ್ತೇನೆ, ಆಯ್ತಾ?” ಎಂದರು. ನಾನು ಶುರುಮಾಡಿದೆ. ಅವರು ಆರಿಸಿದ ಬೆಂಡೆಕಾಯಿಯನ್ನು ಅಲ್ಲೇ ಬಿಟ್ಟು, ಬಸ್ಸು ಬಂತು ಎಂದು ಹೇಳಿ ಹೋದರು. ಆ ಹೊತ್ತಿಗೆ ಯಾವ ಬಸ್ಸೂ ಇರಲಿಲ್ಲ.

ನಷ್ಟ ಆಗುತ್ತಿರಲಿಲ್ಲವೆಂದಲ್ಲ. ಸಂಬಂಧಿಕರ ನಿಶ್ಚಿತಾರ್ಥದ ಹಾಲ್ ಬದಲಾದದ್ದು ಊರಿಗೆಲ್ಲ ಗೊತ್ತಾಗಿತ್ತು, ನನಗೊಬ್ಬಳಿಗೆ ಬಿಟ್ಟು. ರೇಷ್ಮೆ ಸೀರೆ ಉಟ್ಟು ಹಳೆಯ ಹಾಲ್‌ಗೆ ಹೋದೆ. ಅಲ್ಲಿ ಯಾರದೋ ಸೀಮಂತ ನಡೆಯುತ್ತಿತ್ತು. ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದರು, ಬೇಡ ಎನ್ನಲು ಬಾಯಿ ಬರಲಿಲ್ಲ, ಉಂಡು ಬಂದೆ. ಪಾಯಸ ಬಹಳ ಚೆನ್ನಾಗಿತ್ತು.

ನನ್ನ ಹಾಗೆ ಹಟ ಹಿಡಿದವರು ನಾವು ನಾಲ್ವರು, ಶನಿವಾರ ಸಂಜೆ ಮಣಿಪಾಲದ ಒಂದು ಹೋಟೆಲಿನ ಮೂಲೆಯ ಮೇಜಿನಲ್ಲಿ ಸೇರುತ್ತಿದ್ದೆವು. ನಮ್ಮಲ್ಲಿ ಹಿರಿಯರು ಬ್ಯಾಂಕಿನಿಂದ ನಿವೃತ್ತರಾದವರು. ಇನ್ನಿಬ್ಬರಲ್ಲಿ ಒಬ್ಬ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು, ಇನ್ನೊಬ್ಬ ಮಿತಭಾಷಿ ಎಂಜಿನಿಯರ್. ನಮ್ಮದೇ ಒಂದು ವೆಬ್‌ಸೈಟ್ ಇತ್ತು, ಅದೂ ಬೇರೆ ಯಾರ ಹಂಗಿನಲ್ಲೂ ಅಲ್ಲ, ಹಿರಿಯರ ಮನೆಯ ಅಟ್ಟದಲ್ಲಿಟ್ಟ ಕಂಪ್ಯೂಟರಿನಲ್ಲಿ. ಅವರ ಓಣಿಯಲ್ಲಿ ಕರೆಂಟ್ ಹೋದರೆ ನಮ್ಮ ಆಂದೋಲನವೂ ಆರಿಹೋಗುತ್ತಿತ್ತು. ಓದುಗರು ಯಾರೆಂದರೆ, ಬರೆದವರನ್ನು ಬಿಟ್ಟು ಉಳಿದ ಮೂವರು.

ಆ ಮೇಜಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಶನಿವಾರ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದಳು. ಬಾಗಲಕೋಟೆ ಕಡೆಯವರು, ಗಂಡ ಸೆಂಟ್ರಿಂಗ್ ಕೆಲಸದವರು. ಇವರು ಮಣಿಪಾಲದ ಹಾಸ್ಟೆಲೊಂದರಲ್ಲಿ ವರ್ಷಗಟ್ಟಲೆ ಕಸ ಗುಡಿಸಿ, ಆ ನಡುವೆಯೇ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು, ಕಾರ್ಕಳದ ಬಸ್‌ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲೊಂದು ರೂಮು ಹಿಡಿದು ಕಂಪ್ಯೂಟರ್ ಕ್ಲಾಸು ತೆರೆದಿದ್ದರು. ಯಂತ್ರಗಳೆಲ್ಲ ಯಾವುದೋ ಕಚೇರಿ ಬಿಸಾಡಿದ ಹಳೆಯವು. ನಾವು ಅವರನ್ನು ಕ್ಲಾಸಿನಕ್ಕ ಎಂದು ಕರೆಯತೊಡಗಿದೆವು, ಇಲ್ಲಿಯೂ ಹಾಗೇ ಕರೆಯುತ್ತೇನೆ.

“ಟೀಚರ್, ಪರದೆ ಎಲ್ಲಾ ಕರ್ರಗ ಆಗ್ಯಾವ್ರಿ,” ಎಂದರು ಕ್ಲಾಸಿನಕ್ಕ. “ಇದು ಅಸಲಿ ಅಲ್ಲ ಅಂತ ಬರದ್ ಬರತೈತಿ. ನಾ ಅಂಗಡ್ಯಾಗ ಕೊಂಡಾಗ ಅದು ಕಳ್ಳ ಪ್ರತಿ ಅಂತ ಯಾರ್ ಹೇಳಿದ್ರು? ಕಲಿಯೋ ಹುಡುಗ್ಯಾರ ಮುಂದ ನನ್ನ ಮಾನ ಹೋತ್ರಿ.”

ನಮಗೆ ನಾಲ್ವರಿಗೂ ಒಟ್ಟಿಗೆ ಮೈಯಲ್ಲಿ ರಕ್ತ ಓಡಿತು. ಮರುದಿನ ಆದಿತ್ಯವಾರವೇ ಕಾರ್ಕಳಕ್ಕೆ ಹೋಗಿ ಎಲ್ಲ ಯಂತ್ರಗಳಿಗೂ ಮುಕ್ತ ತಂತ್ರಾಂಶ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಪರದೆಗಳು ಒಂದೊಂದಾಗಿ ಬೆಳಗಿದವು. ಆ ಹಳೆಯ ಡಬ್ಬಗಳು ಹೊಸದರಂತೆ ಓಡಿದವು. ಕ್ಲಾಸಿನಕ್ಕ ಕೀಲಿಮಣೆಯ ಮುಂದೆ ಕೂತು ಕನ್ನಡದಲ್ಲಿ ಒಂದು ಸಾಲು ಟೈಪು ಮಾಡಿದರು, ಅಳಿಸಿದರು, ಇನ್ನೊಮ್ಮೆ ಮಾಡಿದರು.

“ಇನ್ನ ಮುಂದ ಯಾರರ ಬಂದು ಇದು ಅಸಲಿ ಅಲ್ಲ ಅಂತಾರೇನ್ರಿ?”

“ಯಾರೂ ಹೇಳುವ ಹಾಗಿಲ್ಲ,” ಎಂದರು ಹಿರಿಯರು. “ನೀವು ಪ್ರತಿ ಮಾಡಿ ಇನ್ನೊಬ್ಬರಿಗೆ ಕೊಟ್ಟರೆ ಅದೂ ಅಸಲಿಯೇ.”

ಎಷ್ಟು ಖುಷಿಯಾಗಿತ್ತೆಂದರೆ, ಬರುವಾಗ ಬಸ್ಸಿನಲ್ಲಿ ಎಂಜಿನಿಯರ್ ಕೂಡ ಮಾತಾಡಿದ. ಆದರೆ ಒಂದು ವಾರ ಕಳೆದರೂ ಕ್ಲಾಸಿನಕ್ಕನ ಕುರ್ಚಿಗಳು ಖಾಲಿಯೇ ಇದ್ದವು. ಪರದೆ ಕಪ್ಪಾಗಿದ್ದ ದಿನಗಳಲ್ಲಿ ಬಿಟ್ಟುಹೋದವರು ಬೇರೆ ಕಡೆ ಸೇರಿಯಾಗಿತ್ತು. ಹೊಸಬರಿಗೆ ಅಲ್ಲೊಂದು ಕ್ಲಾಸು ಇದೆ ಎಂದೇ ತಿಳಿಯದು. ಇತ್ತ ರೂಮಿನ ಓನರ್ ಹತ್ತಿರ ಮೊಬೈಲ್ ಅಂಗಡಿಯವನೊಬ್ಬ ಆ ಜಾಗ ಕೇಳಿಕೊಂಡು ಬಂದಿದ್ದ. ಓನರ್ ಕೆಟ್ಟವರೇನಲ್ಲ. ನಾನು ಅಲ್ಲಿದ್ದಾಗಲೇ ಮೆಟ್ಟಿಲು ಹತ್ತಿ ಬಂದು ಹೇಳಿದರು: “ನೋಡಿ, ಬರುವ ತಿಂಗಳ ಒಂದನೇ ತಾರೀಕಿನವರೆಗೆ ನಾನು ಎಂತದ್ದೂ ಮಾತಾಡುವುದಿಲ್ಲ. ಅಷ್ಟರಲ್ಲಿ ಕ್ಲಾಸು ತುಂಬಿದರೆ ನಡೆಸಿ. ಖಾಲಿ ಕುರ್ಚಿ ಇಡ್ಲಿಕ್ಕೆ ರೂಮು ಯಾಕೆ, ಅಲ್ವಾ?”

ಅವರು ಇಳಿದುಹೋದ ಮೇಲೆ ಕ್ಲಾಸಿನಕ್ಕ ನೇರವಾಗಿ ಹೇಳಿದರು. “ರೂಮು ಹೋದ್ರ ಮತ್ತ ಹಾಸ್ಟೆಲ್ಲಿಗೆ ಹೋಗಬೇಕ್ರಿ, ಕಸಬರಿಗಿ ಹಿಡಕೊಂಡು. ಕೆಲಸಕ್ಕ ನಾಚಿಕಿ ಇಲ್ರಿ ನನಗ. ಆದ್ರ ಒಮ್ಮೆ ಟೀಚರ್ ಅನ್ನಿಸ್ಕೊಂಡ್ ಮ್ಯಾಲೆ ತಿರುಗಿ ಹೋಗೂದು ಸಂಕಟ.” ನಾವು ಮಾಡುತ್ತೇವೆ, ನೀವು ಹೆದರಬೇಡಿ ಎಂದು ದೊಡ್ಡ ಬಾಯಲ್ಲಿ ಹೇಳಿ ಬಂದೆ.

ಮಾಡಿದ್ದೇನು? ನಮ್ಮ ವೆಬ್‌ಸೈಟಿನಲ್ಲಿ ಉದ್ದನೆಯ ಒಂದು ಪ್ರಕಟಣೆ. ಅದನ್ನು ನಾಲ್ವರೂ ಓದಿ ಮೆಚ್ಚಿದೆವು. ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಚೀಟಿಗಳ ಮೇಲೆ ಮರುದಿನವೇ ಸೀರೆ ಅಂಗಡಿಯ ದೊಡ್ಡ ಪೋಸ್ಟರ್ ಬಿತ್ತು. ಶನಿವಾರದ ಮೇಜಿನಲ್ಲಿ ಲ್ಯಾಬಿನವನು ಮೆಲ್ಲಗೆ, “ಹಸಿರು ಆಪ್‌ನಲ್ಲಿ ಹಾಕುವ” ಎಂದ.

ಹಿರಿಯರು ಚಾ ಲೋಟ ಕೆಳಗಿಟ್ಟರು. “ಬೇಲಿ ಬೇಡ ಎಂದು ಹೇಳ್ಲಿಕ್ಕೆ ನಾವೇ ಬೇಲಿಯೊಳಗೆ ಹೋಗಿ ನಿಲ್ಲುವುದಾ?”

“ಜನ ಬೇಲಿಯೊಳಗೇ ಇದ್ದಾರಲ್ಲ ಸಾರ್.”

ನಾನು ಹಿರಿಯರ ಪಕ್ಷ ವಹಿಸಿದೆ. ಜೋರಾಗಿಯೇ ವಹಿಸಿದೆ, ಹೋಟೆಲಿನವರು ಗಲ್ಲಾದಿಂದ ತಲೆ ಎತ್ತಿ ನೋಡುವಷ್ಟು.

ಮರುದಿನ ಕಾಪುವಿಗೆ ಅಣ್ಣನ ಮನೆಗೆ ಹೋದೆ. ನಮ್ಮದು ಕಡಲಿನ ಕೆಲಸದ ಕುಟುಂಬ. ಅಣ್ಣ ಪಿಕಪ್‌ನಲ್ಲಿ ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳದವರೆಗೆ ಮೀನು ಕೊಡುತ್ತಾನೆ. ವ್ಯಾಪಾರ ಮಾತ್ರ ಪೂರ್ತಿ ಅತ್ತಿಗೆಯದು. ಆ ದಾರಿಯ ಗಿರಾಕಿಗಳಿಗೆಲ್ಲ ಸೇರಿ ಹಸಿರು ಆಪ್‌ನಲ್ಲಿ ಅವರದೊಂದು ಗ್ರೂಪ್. ಬೆಳಿಗ್ಗೆ ಬಂದರಿನಿಂದಲೇ ಅತ್ತಿಗೆ ವಾಯ್ಸ್ ಮೆಸೇಜ್ ಹಾಕುತ್ತಾರೆ: ಇವತ್ತು ಬಂಗುಡೆ ಉಂಟು, ತಾಜಾ, ಲಾಯ್ಕ ಉಂಟು. ಕಾಣೆ ಮೀನೂ ಉಂಟು, ಆದರೆ ನಿನ್ನೆಯದ್ದು, ಐಸಿನದ್ದು, ಬೇಕಾದವರು ಮಾತ್ರ ಹೇಳಿ. ಗಿರಾಕಿಗಳು ಅದರ ಕೆಳಗೆ ತಮಗೆಷ್ಟು ಬೇಕೆಂದು ಬರೆಯುತ್ತಾರೆ, ಅಷ್ಟೇ. ಐಸಿನ ಮೀನನ್ನು ತಾಜಾ ಎಂದು ಅತ್ತಿಗೆ ಒಮ್ಮೆಯೂ ಹೇಳಿದವರಲ್ಲ. ಆ ಸ್ವರವನ್ನು ಜನ ನಂಬುತ್ತಾರೆ.

ಊಟಕ್ಕೆ ಕೂತಾಗ ನನ್ನ ಮುಖ ನೋಡಿ ಅತ್ತಿಗೆ ಕೇಳಿದರು. ನಾನು ಎಲ್ಲ ಹೇಳಿದೆ. ಮನೆಯಲ್ಲಿ ನಮ್ಮ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನಿನ್ನ ಮೀನು ಒಳ್ಳೆಯದೇ ಇರಬಹುದು ಮಾರಾಯ್ತಿ,” ಎಂದರು ಅತ್ತಿಗೆ. “ಆದ್ರೆ ನೀನು ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತು ಬೊಬ್ಬೆ ಹಾಕ್ತಿದ್ದೀ. ಯಾರಿಗೆ ಕೇಳ್ತದೆ?”

“ಅತ್ತಿಗೆ, ಆ ಆಪ್ ನಮ್ಮ ತತ್ವಕ್ಕೆ…”

“ತತ್ವ ಆ ಹೆಂಗಸಿನ ರೂಮು ಉಳಿಸ್ತದಾ?”

ನನಗೆ ಮಂಡೆ ಬಿಸಿಯಾಯಿತು. ಹಾಗಾದರೆ ನೀವೇ ನಿಮ್ಮ ಗ್ರೂಪಿನಲ್ಲಿ ಹೇಳಿಬಿಡಿ ಎಂದೆ. ಅತ್ತಿಗೆ ತಲೆ ಅಲ್ಲಾಡಿಸಿದರು. “ಹೋಗಾಚೆ. ನಾನು ನೋಡದ ಮೀನನ್ನು ನಾನು ಮಾರುವುದಿಲ್ಲ. ಕಂಪ್ಯೂಟರ್ ನನಗೆ ಗೊತ್ತುಂಟಾ? ನಿನ್ನನ್ನು ಗ್ರೂಪಿಗೆ ಸೇರಿಸ್ತೇನೆ. ನಿನ್ನದನ್ನು ನೀನೇ ಕೂಗು.”

ಬನ್ನಂಜೆಗೆ ಬಂದು ಫೋನ್ ಹಿಡಿದು ಬಹಳ ಹೊತ್ತು ಕೂತೆ. ಕೊನೆಗೆ, ಒಂದನೇ ತಾರೀಕು ಕಳೆದ ಕೂಡಲೇ ಕಿತ್ತು ಬಿಸಾಡುತ್ತೇನೆ ಎಂದು ನನಗೆ ನಾನೇ ಆಣೆ ಹಾಕಿ ಆ ಆಪ್ ಇಳಿಸಿಕೊಂಡೆ. ಅದು ತನ್ನ ಷರತ್ತುಗಳನ್ನು ತೋರಿಸಿತು. ನಾನು ಅವನ್ನು ಪೂರ್ತಿ ಓದಿದೆ, ಬೈಯುತ್ತಾ ಓದಿದೆ. ಒಪ್ಪಿಗೆ ಒತ್ತಿದ ಮೇಲೆ ಚಾ ಕುದಿಯುವಷ್ಟು ಹೊತ್ತೂ ಆಗಿರಲಿಲ್ಲ, ನಮ್ಮ ಕುಟುಂಬದ ಗ್ರೂಪಿನಲ್ಲಿ ಹಬ್ಬವೇ ಶುರುವಾಯಿತು. ಬಂದಳಾ? ಬಂದಳು! ಮುಂಬೈಯ ಮಾವ ಗುಲಾಬಿ ಹೂಗಳ ಚಿತ್ರ ಕಳಿಸಿದರು, ಶುಭ ಮುಂಜಾನೆ ಎಂದು ಬರೆದದ್ದು, ಸಂಜೆ ಹೊತ್ತಿನಲ್ಲಿ. ದೊಡ್ಡಮ್ಮನ ಮಗಳು, ಆ ಸೀಮಂತದ ಊಟ ಜೀರ್ಣವಾಯಿತಾ ಎಂದು ಕೇಳಿದಳು. ನಾನು ನಗಬಾರದೆಂದುಕೊಂಡೂ ನಕ್ಕುಬಿಟ್ಟೆ.

ಮೀನಿನ ಗ್ರೂಪಿಗೆ ನಾನು ಹಾಕಿದ ಮೊದಲ ವಾಯ್ಸ್ ಪೂರ್ತಿ ಒಂದು ಪಾಠ. ತಂತ್ರಾಂಶದ ಇತಿಹಾಸದಿಂದ ಶುರುಮಾಡಿ ಬಳಕೆದಾರರ ಹಕ್ಕುಗಳಿಗೆ ಬಂದು, ಬೇಲಿಗಳ ಬಗ್ಗೆ ಮಾತಾಡಿ, ಕ್ಲಾಸಿನ ವಿಳಾಸವನ್ನು ಕೊನೆಯಲ್ಲಿ ಹೇಳಿದ್ದೆ. ಯಾರೂ ಉತ್ತರ ಕೊಡಲಿಲ್ಲ. ಫೋನ್ ಬಂದದ್ದು ಅತ್ತಿಗೆಯದೇ.

“ಎಂತ ಸಾವು ಮಾರಾಯ್ತಿ ಅದು! ನಿನ್ನ ವಾಯ್ಸ್ ಮುಗಿಯುವಷ್ಟರಲ್ಲಿ ಬಂಗುಡೆ ಹಾಳಾಗ್ತದೆ. ನಾನು ಮೀನಿನ ಚರಿತ್ರೆ ಹೇಳ್ತೇನಾ? ಎಂತ ಉಂಟು, ಹೇಗೆ ಉಂಟು, ಎಲ್ಲಿ ಉಂಟು. ಅಷ್ಟೇ ಹೇಳು. ನಾಳೆ ನನ್ನ ವಾಯ್ಸ್ ಆದ ಕೂಡಲೇ ಹಾಕು, ಆಗ ಎಲ್ಲರ ಕಿವಿ ಫೋನಿನಲ್ಲೇ ಇರ್ತದೆ.”

ಸಿಟ್ಟು ನೆತ್ತಿಗೇರಿತು. ಕಾಲೇಜಿನಲ್ಲಿ ನನ್ನ ಪಾಠಕ್ಕೆ ಇಷ್ಟು ಹಗುರವಾಗಿ ಯಾರೂ ಅಂದವರಿಲ್ಲ. ಆದರೂ ಹೇಗೆ ಹೇಳುವುದು ಎಂದು ಯೋಚಿಸುತ್ತಾ ಕೂತೆ, ನೆನಪಾದದ್ದು ಕೈರಂಪಣಿ. ದೋಣಿಯಲ್ಲಿ ಒಯ್ದು ದಡಕ್ಕೆ ಹತ್ತಿರದಲ್ಲೇ ಕಡಲಿಗೆ ಸುತ್ತುಹಾಕುವ ದೊಡ್ಡ ಬಲೆ ಅದು. ಅದರ ಎರಡು ಹಗ್ಗಗಳನ್ನು ಮರಳಿನಲ್ಲಿ ನಿಂತು ಎಳೆಯಬೇಕು, ಜನ ಎಷ್ಟಿದ್ದರೂ ಸಾಲದು. ದಾರಿಯಲ್ಲಿ ಹೋಗುವವರು ಬಂದು ಹಗ್ಗಕ್ಕೆ ಕೈ ಕೊಟ್ಟರೂ ಅವರಿಗೊಂದು ಪಾಲು ಮೀನು ಉಂಟು. ಚಿಕ್ಕವಳಿರುವಾಗ ನಾನು ಶಾಲೆಯಿಂದ ಬರುತ್ತಾ ಎಳೆದು, ಲಂಗದಲ್ಲಿ ಬೂತಾಯಿ ಮೀನು ಕಟ್ಟಿಕೊಂಡು ಮನೆಗೆ ಓಡಿದ್ದೇನೆ. ಅದನ್ನೇ ಹೇಳಿದೆ.

“ನಮಸ್ಕಾರ, ನಾನು ಕಾಪುವಿನ ಮೀನಿನ ಅಕ್ಕನ ನಾದಿನಿ. ಕೈರಂಪಣಿ ನೋಡಿದ್ದೀರಲ್ಲ? ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಹಾಗೆಯೇ ಲೋಕದ ಜನ ಸೇರಿ ಎಳೆದ ಒಂದು ಕಂಪ್ಯೂಟರ್ ಸಾಫ್ಟ್‌ವೇರ್ ಉಂಟು. ಯಾರ ಹತ್ತಿರವೂ ಕೇಳುವುದು ಬೇಡ, ನಿಮಗೂ ಪಾಲು ಉಂಟು, ನೀವು ಇನ್ನೊಬ್ಬರಿಗೆ ಕೊಡಬಹುದು. ಮೂಲೆಗೆ ಹಾಕಿದ ಹಳೆಯ ಕಂಪ್ಯೂಟರ್ ಇದ್ದರೆ ತನ್ನಿ, ಜೀವ ಬರಿಸಿ ಕೊಡ್ತೇವೆ. ಕಲಿಯಬೇಕಾದರೆ ಅಲ್ಲಿಯೇ ಕಲಿಸುವ ಟೀಚರ್ ಇದ್ದಾರೆ. ಈ ಆದಿತ್ಯವಾರ, ಕಾರ್ಕಳ ಬಸ್‌ಸ್ಟ್ಯಾಂಡ್ ಹತ್ತಿರ. ಎಷ್ಟು ಬೇಕೆಂದು ತಿಳಿಸಿ.”

ಬೆಳಿಗ್ಗೆ ಅತ್ತಿಗೆಯ ವಾಯ್ಸ್ ಬಂದದ್ದೇ ತಡ, ನನ್ನದನ್ನು ಕಳಿಸಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಗ್ರೂಪು ತುಂಬಿತ್ತು. ‘ನನಗೆ ಎರಡು.’ ‘ನಮ್ಮ ಮನೆಗೆ ಒಂದು.’ ‘ಬೆಳ್ಮಣ್‌ಗೆ ಮೂರು, ಒಂದು ದೊಡ್ಡದು.’ ‘ಎರಡು, ಕ್ಲೀನ್ ಮಾಡಿ ಕೊಡಬೇಕು.’ ನಾನು ಇಲ್ಲಿ ಒಬ್ಬ ಹೆಂಗಸಿನ ಬಾಳಿನ ಪ್ರಶ್ನೆ ಹೇಳಿಕೊಂಡರೆ ಇವರಿಗೆ ಬಂಗುಡೆಯ ಚಿಂತೆ! ಒದ್ದೆ ತಲೆಯಲ್ಲೇ ಅತ್ತಿಗೆಗೆ ಫೋನ್ ಮಾಡಿದೆ.

“ನಿಮ್ಮ ಗ್ರೂಪೂ ಸಾಕು, ನಿಮ್ಮ ಜನವೂ ಸಾಕು. ಈಗಲೇ ತೆಗೆದು ಬಿಸಾಡ್ತೇನೆ. ನನ್ನ ವಾಯ್ಸಿನ ಕೆಳಗೆ ಬಂದು ಮೀನು ಕೇಳ್ತಿದ್ದಾರಲ್ಲ, ಮರ್ಯಾದೆ ಬೇಡವಾ?”

ಅತ್ತಿಗೆ, “ಯಾವ ಮೀನು?” ಎಂದರು.

“ನನಗೇನು ಗೊತ್ತು? ದೊಡ್ಡದಂತೆ, ಕ್ಲೀನ್ ಮಾಡಿ ಕೊಡಬೇಕಂತೆ!”

“ನೀನು ನನ್ನ ವಾಯ್ಸ್ ಕೇಳಲಿಲ್ವಾ? ಗಾಳಿ ಜೋರುಂಟು, ನಿನ್ನೆಯಿಂದ ಬೋಟ್ ಕಡಲಿಗೆ ಇಳಿಯಲೇ ಇಲ್ಲ, ಇವತ್ತು ಮೀನಿಲ್ಲ ಅಂತ ಹೇಳಿದ್ದೇನೆ. ಇಲ್ಲದ ಮೀನನ್ನು ಯಾರು ಕೇಳ್ತಾರೆ? ಅವರು ಕೇಳ್ತಿರುವುದು ನಿನ್ನದನ್ನು, ಬುದ್ಧಿ ಇಲ್ಲದವಳೇ!”

ನಾನು ಅತ್ತಿಗೆಯ ವಾಯ್ಸ್ ಕೇಳಿರಲೇ ಇಲ್ಲ. ಫೋನ್ ಇಟ್ಟು ಎಲ್ಲವನ್ನೂ ಮೊದಲಿನಿಂದ ಓದಿದೆ. ಎರಡು ಎಂದರೆ ಎರಡು ಲ್ಯಾಪ್‌ಟಾಪ್. ದೊಡ್ಡದು ಎಂದರೆ ಮೇಜಿನ ಮೇಲಿಡುವ ಕಂಪ್ಯೂಟರ್. ಕ್ಲೀನ್ ಮಾಡುವುದೆಂದರೆ ಒಳಗಿನ ಧೂಳು ತೆಗೆಯುವುದು. ಈ ಜನಕ್ಕೆ ಆ ಗ್ರೂಪಿನಲ್ಲಿ ಬೇರೆ ರೀತಿ ಬರೆದು ಅಭ್ಯಾಸವೇ ಇಲ್ಲ. ನಾನು ಒಬ್ಬಳೇ ಮನೆಯೊಳಗೆ ಗಟ್ಟಿಯಾಗಿ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಆ ಆದಿತ್ಯವಾರ ಕಾರ್ಕಳದ ಆ ಮಹಡಿಯ ಮೆಟ್ಟಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಲ್ಯಾಪ್‌ಟಾಪುಗಳು ಅಕ್ಕಿಚೀಲದಲ್ಲಿ, ಬೆಡ್‌ಶೀಟಿನಲ್ಲಿ, ಮೀನು ತರುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಂದವು. ಅಣ್ಣ ಪಿಕಪ್ ತೊಳೆದು ಶಿರ್ವದಿಂದ ಬೆಳ್ಮಣ್‌ವರೆಗಿನ ದೊಡ್ಡ ಕಂಪ್ಯೂಟರುಗಳನ್ನು ಹೇರಿಕೊಂಡು ಬಂದ. ಪಿಕಪ್ ಎಷ್ಟು ತೊಳೆದರೂ ಕಂಪ್ಯೂಟರುಗಳಿಗೆ ಮೀನಿನ ವಾಸನೆ ಅಂಟಿತ್ತು. ಅತ್ತಿಗೆ ಬಾಗಿಲಲ್ಲಿ ನಿಂತು ಸರದಿ ನೋಡಿಕೊಂಡರು. ಎಂಜಿನಿಯರ್ ತಿರುಪು ಬಿಚ್ಚಿದ, ಲ್ಯಾಬಿನವನು ಧೂಳು ಊದಿದ, ಹಿರಿಯರು ಒಬ್ಬೊಬ್ಬರಿಗೂ ಪೆನ್‌ಡ್ರೈವಿನಲ್ಲಿ ಪ್ರತಿ ಮಾಡಿಕೊಟ್ಟರು. ನಡುವೆ ನನ್ನ ಹತ್ತಿರ ಬಂದು, “ನಾನು ಆ ಆಪ್ ಹಾಕುವುದಿಲ್ಲ, ನೋಡು. ಆದರೆ ನಿನ್ನ ಗ್ರೂಪಿನಲ್ಲಿ ನನ್ನದೂ ಎರಡು ಮಾತು ಹಾಕಿಬಿಡು,” ಎಂದು ಪಿಸುಗುಟ್ಟಿದರು.

ಸಂಜೆ ಹತ್ತಿರವಾದಾಗ, ಕಾರ್ಕಳಕ್ಕೆ ಬಂದು ಅಣ್ಣನಿಂದ ಮೀನು ಒಯ್ಯುವ ಅಜೆಕಾರಿನ ಕೃಷಿಕರೊಬ್ಬರು ಪೆನ್‌ಡ್ರೈವ್ ಕಿಸೆಗೆ ಹಾಕಿಕೊಳ್ಳುತ್ತಾ ಕೇಳಿದರು: “ಎಲ್ಲ ಇದರಲ್ಲೇ ಉಂಟಲ್ಲ. ಹಾಗಾದ್ರೆ ಮನೆಯಲ್ಲೇ ಕಲಿಯಬಹುದು. ಕ್ಲಾಸಿಗೆ ಸೇರುವ ಅಗತ್ಯ ಇಲ್ಲ, ಅಲ್ವಾ?”

ಸುಮ್ಮನೆ ಹೋಗಬಾರದಾ ಈ ಮನುಷ್ಯ ಎಂದುಕೊಂಡೆ. ಅಷ್ಟರಲ್ಲಿ ಕ್ಲಾಸಿನಕ್ಕ ಮುಂದೆ ಬಂದರು. “ಹೌದ್ರಿ, ಒಯ್ರಿ. ನಿಮ್ಮ ನೆರಿಮನಿಯವ್ರಿಗೂ ಕೊಡ್ರಿ,” ಎಂದರು. ಅದನ್ನು ಕೇಳಿಸಿಕೊಂಡ ಉಳಿದವರಿಗೂ ಅದೇ ಸರಿ ಎನಿಸಿತು. ಮೀನು ಕಟ್ಟಿಸಿಕೊಂಡ ಗಿರಾಕಿಗಳ ಹಾಗೆ ತಮ್ಮತಮ್ಮದನ್ನು ಹಿಡಿದುಕೊಂಡು, ಬಾಯ್ತುಂಬ ಉಪಕಾರ ಹೇಳಿ, ಎಲ್ಲರೂ ಹೊರಟುಹೋದರು. ಕ್ಲಾಸಿಗೆ ಒಬ್ಬರೂ ಹೆಸರು ಕೊಡಲಿಲ್ಲ.

ರೂಮಿನಲ್ಲಿ ಮತ್ತೆ ಖಾಲಿ ಕುರ್ಚಿಗಳು. ಒಂದನೇ ತಾರೀಕಿಗೆ ಎರಡು ವಾರವೂ ಇರಲಿಲ್ಲ. “ನಾವೇ ನಿಮ್ಮ ಕ್ಲಾಸು ಮುಗಿಸಿಬಿಟ್ಟೆವು ಅಕ್ಕ,” ಎಂದೆ.

ಕ್ಲಾಸಿನಕ್ಕ ಕಸ ಗುಡಿಸುತ್ತಿದ್ದವರು ನಿಂತರು. “ಟೀಚರ್, ಇಲ್ಲಿಗೆ ಬಂದ್ ಮ್ಯಾಲೆ ನಾ ಕೈಯೊಡ್ಡಿ ತಗೊಂಡಿದ್ದೇ ಹೆಚ್ಚು. ಇವತ್ತು ಇಷ್ಟು ಮಂದಿಗೆ ಇದು ನಿಮ್ದು, ತಗೋರಿ ಅಂತ ಕೊಟ್ಟೆ. ಏನಾದ್ರ ಆಗ್ಲಿ, ಇವತ್ತು ನನಗ ಭಾಳ ಸಂತೋಷ ಆಗೇತ್ರಿ.” ಹೇಳಿ ಮತ್ತೆ ಗುಡಿಸತೊಡಗಿದರು. ನಾನು ಬಸ್ಸಿನಲ್ಲಿ ಉದ್ದಕ್ಕೂ ಅತ್ತೆ.

ಸೋಮವಾರ ಬೆಳಿಗ್ಗೆ ಗ್ರೂಪಿನಲ್ಲಿ ಅಜೆಕಾರಿನವರ ಪ್ರಶ್ನೆ ಬಂತು: ಪ್ರಿಂಟರ್ ಮಾತು ಕೇಳುತ್ತಿಲ್ಲ, ಎಂತ ಮಾಡುವುದು? ಹಿಂದೆಯೇ ಇನ್ನೊಬ್ಬರದು: ಕನ್ನಡ ಟೈಪು ಹೇಗೆ? ಮತ್ತೊಬ್ಬರು ತಮ್ಮ ಅಂಗಡಿಯ ಬಿಲ್ಲು ಇದರಲ್ಲಿ ಮಾಡಲು ಬರುತ್ತದಾ ಎಂದು ಕೇಳಿದರು. ನನಗೆ ಹೇಳಿ ಮಾಡಿಸಿದ ಕೆಲಸ! ತರಗತಿಗಳ ನಡುವೆ, ಬಸ್ಸಿನಲ್ಲಿ, ಊಟದ ಬಟ್ಟಲಿನ ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಒಂದೊಂದಕ್ಕೂ ವಿವರವಾಗಿ ಉತ್ತರಿಸತೊಡಗಿದೆ. ಸಂಜೆಗೆ ಅತ್ತಿಗೆಯ ಫೋನ್.

“ನೀನು ಎಲ್ಲವನ್ನೂ ಇಲ್ಲೇ ಹೇಳಿಬಿಟ್ರೆ ಆ ಹೆಂಗಸು ಎಂತ ಮಾಡಬೇಕು? ಬಾಯಿ ಮುಚ್ಚಿ ಕೂರ್ಲಿಕ್ಕೆ ನಿನಗೆ ಯಾರೂ ಕಲಿಸಲಿಲ್ವಾ?”

ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಉತ್ತರ ಗೊತ್ತು, ಬೆರಳು ತುರಿಸುತ್ತಿದೆ, ಆದರೂ ಪ್ರತಿ ಪ್ರಶ್ನೆಯ ಕೆಳಗೆ ಒಂದೇ ಸಾಲು ಹಾಕಿದೆ: ಕಾರ್ಕಳದ ಟೀಚರ್ ಹತ್ತಿರ ಹೋಗಿ, ಕೂರಿಸಿಕೊಂಡು ಕಲಿಸುತ್ತಾರೆ. ಬುಧವಾರ ಅಜೆಕಾರಿನವರು ಪ್ರಿಂಟರನ್ನೇ ಹೊತ್ತುಕೊಂಡು ಬಂದರಂತೆ. ಪ್ರಿಂಟರ್ ಸರಿಯಾದ ಮೇಲೂ ಎದ್ದು ಹೋಗಲಿಲ್ಲವಂತೆ, ಅಡಿಕೆಯ ಲೆಕ್ಕ ಇದರಲ್ಲಿ ಇಡುವುದು ಹೇಗೆ ಎಂದು ಶುರುಮಾಡಿ ತಿಂಗಳ ಪೂರ್ತಿ ಬರುತ್ತೇನೆ ಎಂದರಂತೆ. ಇಲ್ಲಿಗೆ ದುಡಿಯಲು ಬಂದ ಕ್ಲಾಸಿನಕ್ಕನ ಊರ ಕಡೆಯ ಹೆಂಗಸರು ದಿನದ ಕೆಲಸ ಮುಗಿಸಿ ಸಂಜೆ ಬರತೊಡಗಿದರು. ಬೆಳ್ಮಣ್‌ನ ಟೈಲರ್ ಬಂದರು. ಪ್ರತಿದಿನ ಕ್ಲಾಸಿನಕ್ಕ ಫೋನ್ ಮಾಡಿ ಇವತ್ತು ಯಾರು ಬಂದರು ಎಂದು ಹೇಳುತ್ತಿದ್ದರು, ನಾನು ನಿಂತಲ್ಲೇ ಕುಣಿಯುತ್ತಿದ್ದೆ.

ನನ್ನ ತತ್ವವೂ ಪೂರ್ತಿ ಸತ್ತಿರಲಿಲ್ಲ. ಪ್ರತಿ ವಾಯ್ಸಿನ ಕೊನೆಗೆ ಹಿರಿಯರ ಎರಡು ಮಾತು ಸೇರಿಸುತ್ತಿದ್ದೆ: ನಾವು ಮಾತಾಡುತ್ತಿರುವ ಈ ಆಪ್ ಕೂಡ ಬೀಗ ಹಾಕಿದ್ದೇ, ಇದಕ್ಕೆ ಬದಲಿಗೆ ಮುಕ್ತವಾದದ್ದೊಂದು ಉಂಟು, ಬೇಕಾದವರು ಅಲ್ಲಿಗೂ ಬನ್ನಿ. ಅತ್ತಿಗೆ, ಸಂತೆಯಲ್ಲಿ ನಿಂತು ಸಂತೆಯನ್ನೇ ಬೈತೀಯಲ್ಲ ಎಂದು ನಗುತ್ತಿದ್ದರು. ಆದರೂ ಕೆಲವರು ಬಂದರು. ಈಗ ಆ ಮುಕ್ತ ಗ್ರೂಪಿನಲ್ಲಿ ನಾವು ನಾಲ್ವರಲ್ಲದೆ ಬೇರೆಯವರೂ ಮಾತಾಡುತ್ತಾರೆ.

ಒಂದನೇ ತಾರೀಕು ಬಂತು. ನಾನು ರಜೆ ಹಾಕಿ ಕಾರ್ಕಳಕ್ಕೆ ಹೋಗಿದ್ದೆ. ಓನರ್ ಮೆಟ್ಟಿಲು ಹತ್ತಿ ಬಂದರು, ಹಿಂದೆ ಅಳತೆಯ ಟೇಪು ಹಿಡಿದ ಮೊಬೈಲ್ ಅಂಗಡಿಯವನು. ಬಾಗಿಲಿಗೆ ಬಂದವರೇ ನಿಂತರು. ಒಳಗೆ ಒಂದೂ ಕುರ್ಚಿ ಖಾಲಿ ಇರಲಿಲ್ಲ. ಕಿಟಕಿಯ ಬಳಿಯ ಕಂಪ್ಯೂಟರಿನ ಮುಂದೆ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಅವರ ಹೆಂಡತಿಯೇ ಕೂತಿದ್ದರು. ಅತ್ತಿಗೆಯ ಹಳೆಯ ಗಿರಾಕಿಯಂತೆ ಅವರು. ನನಗೂ ಗೊತ್ತಿರಲಿಲ್ಲ.

“ನೀನು ಇಲ್ಲಿ ಎಂತ ಮಾಡ್ತಿದ್ದೀ?” ಎಂದರು ಓನರ್.

“ಕಾಣುವುದಿಲ್ವಾ? ಕಲೀತಿದ್ದೇನೆ,” ಅವರು ತಿರುಗಿಯೂ ನೋಡಲಿಲ್ಲ. “ಬಾಗಿಲಿಗೆ ಅಡ್ಡ ನಿಲ್ಲಬೇಡಿ ಮಾರಾಯ್ರೆ, ಬೆಳಕು ಬರ್ಲಿ.”

ಯಾರೋ ಕಿಸಕ್ಕೆಂದರು. ಓನರ್ ಒಂದು ಸಲ ಹೆಂಡತಿಯನ್ನು ನೋಡಿದರು, ಒಂದು ಸಲ ಕ್ಲಾಸಿನಕ್ಕನನ್ನು. ಆಮೇಲೆ ಮೊಬೈಲಿನವನಿಗೆ, “ಇಲ್ಲ, ಇದು ಆಗುವುದಿಲ್ಲ, ಬೇರೆ ಕಡೆ ನೋಡುವ,” ಎಂದು ಹೇಳಿ ಅವನನ್ನು ಕರೆದುಕೊಂಡೇ ಇಳಿದರು. ಅರ್ಧ ಮೆಟ್ಟಿಲಿನಿಂದ ಅವರ ಸ್ವರ ಬಂತು: “ಕುರ್ಚಿ ಸಾಲದಿದ್ದರೆ ಹೇಳಿ, ನಮ್ಮ ಮನೆಯಲ್ಲಿ ಬೆಂಚು ಉಂಟು.”

ಕ್ಲಾಸಿನಕ್ಕ ಗೋಡೆಗೆ ಒರಗಿ ನಿಂತರು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ನಾನು ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಹುಡುಗಿಯೊಬ್ಬಳು, ಹಾಸ್ಟೆಲಿನಲ್ಲಿ ಕಸ ಗುಡಿಸುವ ಕೆಲಸ ಮುಗಿಸಿ ಅದೇ ಸಮವಸ್ತ್ರದಲ್ಲಿ ನೇರ ಮಣಿಪಾಲದ ಬಸ್ಸಿನಿಂದ ಇಳಿದು ಬಂದವಳು, ಕೈ ಎತ್ತಿ ಕರೆದಳು.

“ಟೀಚರ್, ಇಲ್ಲೊಂದ್ ಸ್ವಲ್ಪ ಬರ್ರಿ.”

ಅಭ್ಯಾಸದಂತೆ ನಾನು ಕೈ ಬಿಟ್ಟು ಅತ್ತ ಹೊರಟೆ. ಆ ಹುಡುಗಿ ನನ್ನನ್ನು ನೋಡುತ್ತಿರಲಿಲ್ಲ. ಕ್ಲಾಸಿನಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಬಂದೆ ತಡೀವಾ,” ಎಂದು ನನ್ನನ್ನು ದಾಟಿ ಮುಂದೆ ಹೋದರು.